ಚೌಕಟ್ಟಿನಲ್ಲಿ ಜಾಗ ಉಳಿದರೆ ಚಿತ್ರ

ನಮ್ಮ ತಂಗಿಯ ಮಗ ಜೋಗಕ್ಕೆ ಹೋಗಿಬಂದು ಫೋಟೋ ಕಳಿಸಿದ. ರಾಜಾ ಇತ್ತು, ರೋರರ್ ಇತ್ತು, ರಾಕೆಟ್ಟೂ ಇತ್ತು. ರಾಣಿ ಮಾತ್ರ ನಾಪತ್ತೆ. ಅವಳು ಧುಮುಕಬೇಕಾದ ಜಾಗದಲ್ಲಿ ಅವನ ಹೆಸರು, ಅದರ ಮುಂದೆ ‘ಕ್ಲಿಕ್ಸ್’ ಅಂತ ಬಳ್ಳಿಯಂಥ ಅಕ್ಷರ, ಪಕ್ಕಕ್ಕೊಂದು ಪುಟಾಣಿ ಕ್ಯಾಮೆರಾ.

‘ರಾಣಿ ಎಲ್ಲೋ?’ ಅಂದೆ.

‘ಮೂಲೆಗೆ ಹೆಸರು ಹಾಕಿದ್ರೆ ಕ್ರಾಪ್ ಮಾಡಿ ಕದೀತಾರೆ ಮಾವ.’

830 ಅಡಿಯಿಂದ ಬೀಳುವ ಶರಾವತಿಗೆ ಇವನ ಕಾವಲು! ಲಿಂಗನಮಕ್ಕಿಯಲ್ಲಿ ಕೂತು ನೀರು ಕಾಯುವವರಿಗೂ ಇಷ್ಟು ಆತಂಕ ಇರಲಿಕ್ಕಿಲ್ಲ. ಸಾಲದ್ದಕ್ಕೆ ಎಡಗಡೆ ‘ಶಾಟ್ ಆನ್’ ಅಂತ ಫೋನ್ ಕಂಪನಿಯ ಹೆಸರು. ಫೋನಿನ ಕಂತು ಇವನೇ ಕಟ್ಟುತ್ತಾನೆ, ಜಾಹೀರಾತೂ ಇವನೇ ಮಾಡಿಕೊಡುತ್ತಾನೆ. ಬಲಗಡೆ, ಫ್ರೇಮ್ ಹಾಕಿದ ಪುಕ್ಕಟೆ ಆ್ಯಪಿನ ಮುದ್ರೆ. ಅದು ಹೋಗಬೇಕಾದರೆ ಕಾಸು ಬಿಚ್ಚಬೇಕಂತೆ. ಒಟ್ಟಿನಲ್ಲಿ ಒಂದು ಜಲಪಾತಕ್ಕೆ ಮೂವರು ವಾರಸುದಾರರು. ಶರಾವತಿಯ ಹೆಸರು ಎಲ್ಲೂ ಇಲ್ಲ.

ಸುಮ್ಮನಿರಲಾರದೆ ಬುದ್ಧಿ ಹೇಳಲು ಹೋದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀನು ತೆಗೆದ ಫೋಟೋ ತೆಗೆದ ಕ್ಷಣದಿಂದಲೇ ನಿನ್ನದು ಕಣೋ, ಮುದ್ರೆ ಒತ್ತಬೇಕಾಗಿಲ್ಲ, ನೀನು ಇರೋವರೆಗೂ, ಆಮೇಲೂ 60 ವರ್ಷ ಹಕ್ಕು ಇರುತ್ತೆ. ಅಲ್ಲದೆ ಒಂದೇ ಮುದ್ರೆಯನ್ನು ರಾಶಿ ಫೋಟೋಗಳಿಗೆ ಒತ್ತಿದರೆ ಕಂಪ್ಯೂಟರು ಅದನ್ನು ಗುರುತು ಹಿಡಿದು ಒರೆಸಿಹಾಕುತ್ತೆ ಅಂತ ಗೂಗಲ್‌ನವರು 2017ರಲ್ಲೇ ಮಾಡಿ ತೋರಿಸಿದ್ದಾರೆ.

‘ಮುದ್ರೆ ಕದಿಯೋರಿಗಲ್ಲ ಮಾವ, ನೋಡೋರಿಗೆ’ ಅಂದ.

ಅಲ್ಲಿಗೆ ನನ್ನ ಬಾಯಿ ಬಂದ್. ಮನುಷ್ಯರ ಮಾತು ಬಿಡಿ, ಯಂತ್ರಗಳಿಗೂ ಈ ಚಾಳಿ ಹತ್ತಿದೆ. ಚಿತ್ರ ಬರೆಯುವ ಎಐ ತಯಾರಿಸಿದ ಸ್ಟೆಬಿಲಿಟಿ ಎಐ ಕಂಪನಿಯ ಮೇಲೆ ಫೋಟೋ ಮಾರುವ ಗೆಟ್ಟಿ ಇಮೇಜಸ್‌ನವರು 2023ರಲ್ಲಿ ಕೇಸು ಹಾಕಿದರಲ್ಲ, ಆ ಯಂತ್ರ ಬರೆದ ಕೆಲವು ಚಿತ್ರಗಳಲ್ಲಿ ಗೆಟ್ಟಿಯ ಮುದ್ರೆಯೇ ಸೊಟ್ಟಪಟ್ಟವಾಗಿ ಮೂಡಿತ್ತು. ನಾಯಿಗೆ ಬಾಲ ಇರುವ ಹಾಗೆ ಚಿತ್ರಕ್ಕೊಂದು ಮುದ್ರೆ ಇರುತ್ತದೆ ಅಂತ ಪಾಪ ಅದು ಕಲಿತುಬಿಟ್ಟಿತ್ತು.

ಮುದ್ರೆಯಾದರೂ ಚಿತ್ರದ ಮೇಲೆ ಕೂರುತ್ತದೆ. ಫ್ರೇಮು ಚಿತ್ರವನ್ನೇ ಎಬ್ಬಿಸಿ ಕಳಿಸುತ್ತದೆ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿಸಿದ ಮೇಲೆ ಬೆಂಗಳೂರಿನ ಬೀದಿಗಳಿಂದ ಫ್ಲೆಕ್ಸ್ ಇಳಿದವು. ಇಳಿದವು ಸೀದಾ ನಮ್ಮ ಜೇಬಿನೊಳಗೆ ಹತ್ತಿ ಕೂತವು. ನವೆಂಬರ್ 1ರ ಬೆಳಿಗ್ಗೆ ವಾಟ್ಸ್ಆ್ಯಪ್ ತೆರೆದು ನೋಡಿ: ಮೇಲೆ ದಿಲ್ಲಿ ನಾಯಕರು, ಅವರ ಕೆಳಗೆ ರಾಜ್ಯದವರು, ಆಮೇಲೆ ಜಿಲ್ಲೆ, ತಾಲ್ಲೂಕು, ಎಲ್ಲರಿಗಿಂತ ದೊಡ್ಡದಾಗಿ ಕೈಮುಗಿದು ನಿಂತ ‘ಶುಭ ಕೋರುವವರು’. ಭುವನೇಶ್ವರಿ ತಾಯಿ ಎಲ್ಲೋ ಅಂಚೆಚೀಟಿಯಷ್ಟು ಗಾತ್ರದಲ್ಲಿ, ಯಾರದೋ ಭುಜದ ಹಿಂದೆ ಇಣುಕುತ್ತಿರುತ್ತಾಳೆ.

ಹಬ್ಬಕ್ಕಾದರೆ ಸಹಿಸಬಹುದು. ಕಳೆದ ತಿಂಗಳು ನಮ್ಮ ಬೀದಿಯ ಹಿರಿಯರೊಬ್ಬರು ತೀರಿಕೊಂಡರು. ಅವರ ಮನೆಯವರಿಗೆ ವೈದ್ಯರಿಂದ ಕಾಗದ ಸಿಗುವ ಮೊದಲೇ ‘ಭಾವಪೂರ್ಣ ಶ್ರದ್ಧಾಂಜಲಿ’ ಫ್ರೇಮು ಗ್ರೂಪಿಗೆ ಬಂತು. ಎರಡು ದೀಪ, ಬಿಳಿ ಹೂವು, ಏಳು ಮುಖ. ಎಲ್ಲಕ್ಕೂ ದೊಡ್ಡ ಮುಖ ವಾರ್ಡಿನ ಟಿಕೆಟ್ ಆಕಾಂಕ್ಷಿಯದು. ತೀರಿಕೊಂಡವರು ಕೆಳಗೆ ದೀಪದ ಬುಡದಲ್ಲಿದ್ದರು. ಕನ್ನಡಕ ಮರೆತು ನೋಡಿದವರೆಲ್ಲ ಸಹಜವಾಗಿಯೇ ದೊಡ್ಡ ಮುಖಕ್ಕೆ ‘ಓಂ ಶಾಂತಿ’ ಹಾಕಿದರು. ಇಬ್ಬರು ಆಕಾಂಕ್ಷಿಯ ಮನೆಗೇ ಫೋನ್ ಮಾಡಿ ‘ಧೈರ್ಯ ತಗೊಳ್ಳಿ ಅಕ್ಕಾ, ಯಾವಾಗ ಆಯ್ತು?’ ಅಂದರಂತೆ. ಆಕೆ, ‘ಇಲ್ಲೇ ತಿಂಡಿ ತಿಂತಿದ್ದಾರೆ, ಕೊಡ್ಲಾ?’ ಅಂದಿದ್ದಾರೆ.

ಸಂಜೆಗೆ ಆಕಾಂಕ್ಷಿಯವರ ಸ್ಪಷ್ಟನೆ ಬಂತು. ‘ನಾನು ಆರೋಗ್ಯವಾಗಿದ್ದೇನೆ, ಅಭಿಮಾನಿಗಳು ಗಾಬರಿಪಡಬೇಡಿ.’ ಅದಕ್ಕೂ ಫ್ರೇಮು ಹಾಕಿಸಿದ್ದರು. ಹುಡುಗ ಅವಸರದಲ್ಲಿ ಅಕ್ಷರವನ್ನಷ್ಟೇ ಬದಲಿಸಿದ್ದ. ಎರಡೂ ದೀಪ ಹಾಗೇ ಉರಿಯುತ್ತಿದ್ದವು.