ಮೌಸ್ ಇದೆಯೋ ಇಲ್ಲವೋ

ನಮ್ಮ ಸೋದರಮಾವನ ಮುದ್ರಣಾಲಯದ ಕಂಪ್ಯೂಟರಿಗೆ ಕಂಪನಿಯ ಹೆಸರಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ್ದು. ಅದರ ಬೆನ್ನಿನಲ್ಲಿ ಎರಡು ದುಂಡು ಕಿಂಡಿಗಳಿವೆ, ನೇರಳೆಯದು ಕೀಲಿಮಣೆಗೆ, ಹಸಿರಿನದು ಮೌಸಿಗೆ. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಯಂತ್ರಗಳ ಜೊತೆ ತಂದ ಏರ್ಪಾಡು. ಬಣ್ಣ ಆಮೇಲೆ ಬಂತು. ಯುಎಸ್‌ಬಿ ಮೌಸ್ ತರೋಣ ಎಂದರೆ ಮಾವ, "ಇರುವುದಕ್ಕೇನು ರೋಗ?" ಎನ್ನುತ್ತಾರೆ.

ವೈರಸ್ ಹಿಡಿದು ಹಳೆಯ ವ್ಯವಸ್ಥೆ ಮಲಗಿದ ಮೇಲೆ ನಾನು ಲಿನಕ್ಸ್ ಹಾಕಿಕೊಟ್ಟೆ. ರೋಗ ಆಗ ತಿಳಿಯಿತು. ಪರದೆಯ ಮೇಲಿನ ಬಾಣ ನಡುಮಧ್ಯದಲ್ಲಿ ನಿಂತದ್ದು ನಿಂತೇ ಇತ್ತು.

"ಕೆಳಗೆ ಕೆಂಪು ದೀಪ ಉರಿಯುತ್ತಿದೆಯಲ್ಲೋ!" ಎಂದು ಮಾವ ಮೌಸನ್ನು ಅಂಗಾತ ಮಾಡಿ ತೋರಿಸಿದರು. ದೀಪ ಉರಿಯಲು ಕರೆಂಟ್ ಸಾಕು, ಲಿನಕ್ಸಿನ ತಿರುಳಾದ ಕರ್ನಲ್‌ಗೆ ಸಾಕ್ಷಿ ಬೇಕು. ಪಿಂಚಣಿದಾರರು ಖುದ್ದಾಗಿ ಎದುರಿಗೆ ನಿಂತಿದ್ದರೂ ಬದುಕಿರುವ ಪ್ರಮಾಣಪತ್ರ ಕೇಳುವ ಗುಮಾಸ್ತನ ಸ್ವಭಾವ ಅದರದು.

ಈ ವಿಚಾರಣೆ ನಡೆಸುವುದು ಐ8042 ಎಂಬ ಡ್ರೈವರ್, ಅಂದರೆ ಯಂತ್ರಭಾಗವನ್ನು ನಡೆಸುವ ಕರ್ನಲ್ಲಿನ ತುಣುಕು. ಅದು ಮೌಸನ್ನು ನೇರವಾಗಿ ಮಾತನಾಡಿಸುವುದಿಲ್ಲ, ನಡುವಿನ ನಿಯಂತ್ರಕ ಚಿಪ್ಪನ್ನು ಹಿಡಿದು ಪ್ರಶ್ನಿಸುತ್ತದೆ. ಮೊದಲು 5ಎ ಎಂಬ ಬೈಟ್ ಕೊಟ್ಟು, "ಇದು ಮೌಸ್ ಕಡೆಯಿಂದ ಬಂತೆಂದು ನಟಿಸಿ ನನಗೇ ಮರಳಿಸು" ಎನ್ನುತ್ತದೆ. ಆಮೇಲೆ ಮೌಸ್ ಕಿಂಡಿಯನ್ನು ಮುಚ್ಚಿಸಿ, ತೆರೆಸಿ, ಹೇಳಿದಂತೆ ಕೇಳಿತೇ ಎಂದು ನೋಡುತ್ತದೆ. ಮುಚ್ಚದಿದ್ದರೆ "ಮುಚ್ಚಲಾಗಲಿಲ್ಲ, ಆದರೂ ಮುಂದುವರಿಯುತ್ತಿದ್ದೇನೆ" ಎಂದು ದಾಖಲಿಸಿ, ಒಂದು ಚಿಪ್ ಕಂಪನಿಯ ಹೆಸರೆತ್ತಿ "ಇದು ಅವರದೇ?" ಎಂದೂ ಕೇಳುತ್ತದೆ. ಕರ್ನಲ್ ಬರೆದವರಿಗೆ ಆ ಚಿಪ್ಪಿನಿಂದ ಎಷ್ಟು ನಿದ್ದೆ ಕೆಟ್ಟಿತ್ತೋ! ಕೊನೆಗೆ ಎ5 ಎಂಬ ಬೈಟ್. ಅದು 12ನೆಯ ಇಂಟರಪ್ಟ್ (ಪ್ರೊಸೆಸರಿನ ಗಮನ ಸೆಳೆಯುವ ಕರೆ) ಮೂಲಕವೇ, 250 ಮಿಲಿಸೆಕೆಂಡಿನೊಳಗೆ ಮರಳಿ ಬರಬೇಕು.

ಎಲ್ಲಿ ಎಡವುತ್ತಿದೆ ಎಂದು ನೋಡಲು ಡ್ರೈವರಿಗೆ ಡೀಬಗ್ ಎಂಬ ದೋಷ ಹುಡುಕುವ ಆಯ್ಕೆ ಹಾಕಿದೆ. ಆ ಚಿಪ್ಪಿನ ಒಳಹೊರಗಿನ ಪ್ರತಿ ಬೈಟೂ ಲಾಗಿಗೆ, ಅಂದರೆ ದಿನಚರಿಯ ಕಡತಕ್ಕೆ, ಇಳಿಯತೊಡಗಿತು. ಕೀಲಿಮಣೆಯೂ ಅದೇ ಚಿಪ್ಪಿನ ಒಕ್ಕಲು. ಲಾಗ್ ಓದಲು ಕೀಲಿ ಒತ್ತಿದರೆ ಒತ್ತಿದ ಸುದ್ದಿ ಲಾಗಿಗೆ ಸೇರುತ್ತಿತ್ತು, ಅದನ್ನು ಓದಲು ಮತ್ತೊಂದು ಕೀಲಿ. ಇತ್ತ ಹುಡುಗಿಯ ತಂದೆಯೊಬ್ಬರು ಬೆನ್ನಹಿಂದೆ ನಿಂತು, "ಆ 'ಚಿ|| ಸೌ||' ಸ್ವಲ್ಪ ಬಲಕ್ಕೆ ಸರಿಸಿಬಿಡಿ ಸ್ವಾಮಿ" ಎನ್ನುತ್ತಿದ್ದರು. ಮೌಸಿಲ್ಲದೆ ಸೌಭಾಗ್ಯವತಿಯನ್ನು ಬಲಕ್ಕೆ ಸರಿಸುವುದು ಎಂಥ ಕಷ್ಟವೆಂದು ಅವರಿಗೆ ಹೇಗೆ ತಿಳಿಯಬೇಕು?

ಲಾಗಿನಲ್ಲಿ ಸಿಕ್ಕಿದ್ದು ಇಷ್ಟು: ಮೊದಲೆರಡು ಪರೀಕ್ಷೆಗಳಲ್ಲಿ ನಮ್ಮ ಯಂತ್ರ ತೇರ್ಗಡೆ. ಎ5 ಮಾತ್ರ ಹೋದದ್ದು 12ನೆಯ ದಾರಿಯಲ್ಲಿ ಬರಲೇ ಇಲ್ಲ. ಒಳಗೇ ಉಳಿದ ಆ ಬೈಟಿನಿಂದ ಕೀಲಿಮಣೆ ಕೆಟ್ಟೀತೆಂದು ಡ್ರೈವರ್ ಅದನ್ನು ಗುಡಿಸಿ ಹಾಕಿ, ಮೌಸ್ ಕಿಂಡಿಯೇ ಇಲ್ಲವೆಂದು ತೀರ್ಪು ಕೊಟ್ಟು ಎದ್ದುಹೋಗಿತ್ತು. ನಿಜವಾದ ಮೌಸ್ ಅಲುಗಿದರೆ ಇಂಟರಪ್ಟ್ ಕೊಡುವ ಚಿಪ್ಪು ಈ ನಾಟಕದ ಬೈಟಿಗೆ ಮಾತ್ರ ಕೊಡುತ್ತಿರಲಿಲ್ಲ. ನನ್ನನ್ನು ಕೇಳಿದರೆ ಚಿಪ್ಪಿನದೇ ಹೆಚ್ಚು ಪ್ರಾಮಾಣಿಕತೆ.

ಔಷಧ ಡ್ರೈವರಿನಲ್ಲೇ ಇತ್ತು. ಯಂತ್ರ ಹಾಕಿದಾಗ ಲಿನಕ್ಸನ್ನು ಎಬ್ಬಿಸುವ ಗ್ರಬ್‌ನಲ್ಲಿ ಐ8042.ನೋಲೂಪ್ ಎಂದು ಸೇರಿಸಿದರೆ ಈ ನಾಟಕ ರದ್ದು. ಅದರ ಮೂಲ ಕೋಡಿನ ಟಿಪ್ಪಣಿಯ ತಾತ್ಪರ್ಯ: ಕಿಂಡಿ ಸರಿಯಾಗಿದೆ ಎಂದುಕೊಳ್ಳೋಣ, ನಮ್ಮ ಎಣಿಕೆ ನಿಜವಾಗಲೆಂದು ಆಶಿಸೋಣ. ಸೇರಿಸಿ ಮರುಚಾಲನೆ ಮಾಡಿದೆ. ಬಾಣ ಓಡಾಡಿತು, ಸೌಭಾಗ್ಯವತಿ ಬಲಕ್ಕೆ ಸರಿದಳು.

ನನಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಇಂಥ ವಿನಾಯಿತಿ ಬೇಕಾದ ಯಂತ್ರಗಳ ಹೆಸರಿನ ಪಟ್ಟಿಯೊಂದು ಡ್ರೈವರಿನಲ್ಲಿದೆ, ಹೆಸರಿದ್ದರೆ ಗ್ರಬ್ ತಿದ್ದುವ ಗೊಡವೆಯಿಲ್ಲ. ಸೇರಿಸಿ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸೋಣವೆಂದು, ಯಂತ್ರದೊಳಗೇ ಇರುವ ಮೂಲ ತಂತ್ರಾಂಶವಾದ ಬಯಾಸಿನಿಂದ ಯಂತ್ರದ ಹೆಸರು ತೆಗೆಸಿದೆ. ತಯಾರಕರು: 'ತಯಾರಕರು ತುಂಬತಕ್ಕದ್ದು.' ಮಾದರಿ: 'ತಯಾರಕರು ತುಂಬತಕ್ಕದ್ದು.' ಕ್ರಮಸಂಖ್ಯೆಯೂ ಅದೇ. ಈ ಹೆಸರನ್ನು ಪಟ್ಟಿಗೆ ಸೇರಿಸಿದರೆ ಲೋಕದಲ್ಲಿ ನಾಮಕರಣವಾಗದೆ ಉಳಿದ ಯಂತ್ರಗಳಿಗೆಲ್ಲ ಒಟ್ಟಿಗೇ ವಿನಾಯಿತಿ! ಪ್ಯಾಚ್ ಕೈಬಿಟ್ಟೆ.

ಗ್ರಬ್ ಸಾಲನ್ನು ಮರೆಯಬಾರದೆಂದು ಮಾವ ಅದನ್ನು ದಪ್ಪ ಕಾಗದದಲ್ಲಿ ಅಚ್ಚು ಹಾಕಿ, ಲ್ಯಾಮಿನೇಷನ್ ಮಾಡಿಸಿ, ಮಾನಿಟರಿನ ಪಕ್ಕ ತೂಗುಹಾಕಿದ್ದಾರೆ. ಕರೆಯೋಲೆಯ ಅಭ್ಯಾಸಬಲದಿಂದ ಮೇಲ್ಗಡೆ ಒಂದು ಗಣಪತಿ, ಸುತ್ತ ಬಳ್ಳಿಯ ಅಂಚು, ಕೆಳಗೆ 'ತಮ್ಮ ಆಗಮನಾಭಿಲಾಷಿಗಳು'.