ನೀರಿಗೆ ಮನೆ ಕಾಗದ ಯಾಕೆ ಬೇಕು?

ನಮ್ಮ ಉಡುಪಿ ಕಡೆಯವರಿಗೆ ನೀರು ಅಂದರೆ ಬಾವಿ. ಮನೆಗೆ ಮೊದಲು ಬಾವಿ ತೋಡಿಸುತ್ತೇವೆ. ಮಳೆ ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಬೀಳುತ್ತದೆ. ಹಾಗಾಗಿ ನೀರು ನಮ್ಮ ಅಂಗಳದಲ್ಲೇ ಇರುವ ಸ್ವಂತ ಆಸ್ತಿ, ಅದನ್ನು ಹಕ್ಕು ಅಂತ ಯಾರ ಹತ್ತಿರವೋ ಕೇಳಬೇಕು ಅನ್ನುವ ಯೋಚನೆಯೇ ಊರಲ್ಲಿ ಕಡಿಮೆ.

ನಾನಿರುವ ಮುಂಬೈಯಲ್ಲಿ ಹಾಗಲ್ಲ. ಭಾತ್ಸಾ, ತಾನ್ಸಾ, ವೈತರಣ ಅಂತ ದೂರದ ಜಲಾಶಯಗಳಿಂದ ಪೈಪಿನಲ್ಲಿ ನೀರು ಬರಬೇಕು. ಪೈಪು ಯಾರ ಮನೆವರೆಗೆ ಬರಬೇಕು ಅನ್ನುವುದಕ್ಕೇ ಇಲ್ಲಿ ಜನ ಹೋರಾಡಿದ್ದಾರೆ. 2000ನೇ ಇಸವಿಯ ನಂತರ ಎದ್ದ ಝೋಪಡಿಗಳಿಗೆ ನಳ್ಳಿ ಕೊಡುತ್ತಿರಲಿಲ್ಲ. ನೀರಿನ ಹಕ್ಕಿಗಾಗಿ ಹೋರಾಡುವ ಪಾನಿ ಹಕ್ ಸಮಿತಿ ಕೋರ್ಟಿಗೆ ಹೋಯಿತು. 2014ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ಕೊಟ್ಟಿತು: ಮನೆ ಅಕ್ರಮ ಅನ್ನುವ ಒಂದೇ ಕಾರಣಕ್ಕೆ ನೀರು ನಿರಾಕರಿಸುವ ಹಾಗಿಲ್ಲ, ಅದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೆ ಸೇರಿದ್ದು. ಸಕ್ರಮ ಮನೆಗಳಿಗೆ ಕೊಡುವಷ್ಟೇ ನೀರು ಕೊಡಬೇಕಿಲ್ಲ, ದರ ಜಾಸ್ತಿ ಇಡಬಹುದು, ಆದರೆ ಕೊಡಲೇಬೇಕು. ಆ ಪೀಠದಲ್ಲಿದ್ದ ಅಭಯ್ ಓಕಾ ಮುಂದೆ ನಮ್ಮ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಬಂದರು. 2022ರಲ್ಲಿ ಮುಂಬೈ ಪಾಲಿಕೆ ಎಲ್ಲರಿಗೂ ನೀರು ಅನ್ನುವ ನೀತಿಯನ್ನೂ ತಂದಿತು. ಎಲ್ಲ ಸರಿಯಾಗಿದೆ ಅಂತಲ್ಲ, ಕೊಳಗೇರಿಗಳಲ್ಲಿ ಈಗಲೂ ಟ್ಯಾಂಕರ್ ಕಾಯುತ್ತಾರೆ. ಆದರೆ ಕೇಳುವವರ ಕೈಯಲ್ಲಿ ಒಂದು ತೀರ್ಪು ಇದೆ.

ಊರಲ್ಲಿ ಏನಿದೆ? 2019ರ ಬೇಸಿಗೆ ನೆನಪಿದೆ ಅಲ್ವಾ? ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲೂ ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಲ್ಲೂ ನೀರು ತಳ ಕಂಡಿತು, ಉಡುಪಿಗೂ ಮಂಗಳೂರಿಗೂ ರೇಷನ್ ಬಂತು. ಒಳ್ಳೆ ಬಾವಿ ಇದ್ದವರು ಹೇಗೋ ದಾಟಿದರು. ಆದರೆ ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದು ನಮ್ಮ ಮನೆಗಳನ್ನೇ ಕಟ್ಟುವವರು ಶೆಡ್ಡುಗಳಲ್ಲಿ, ಲೈನ್ ರೂಮುಗಳಲ್ಲಿ ಇರುತ್ತಾರೆ. ಅವರಿಗೆ ಬಾವಿಯೂ ಇಲ್ಲ, ಎಷ್ಟೋ ಕಡೆ ಡೋರ್ ನಂಬರೂ ಇಲ್ಲ. ಪಕ್ಕದ ಮನೆಯವರು "ಪಾಪ, ಎರಡು ಕೊಡಪಾನ ತಕ್ಕೊಂಡು ಹೋಗ್ಲಿ" ಅನ್ನುತ್ತಾರೆ. ಒಳ್ಳೆಯ ಮನಸ್ಸೇ, ನನ್ನ ಅಮ್ಮನೂ ಹಾಗೇ ಕೊಡುತ್ತಿದ್ದವರು. ಆದರೆ ಏಪ್ರಿಲಿನಲ್ಲಿ ಬಾವಿ ಬತ್ತಲು ಶುರುವಾದಾಗ ಆ ಎರಡು ಕೊಡಪಾನವೇ ಮೊದಲು ನಿಲ್ಲುತ್ತದೆ, ಅದನ್ನು ಕೇಳುವ ಬಾಯಿ ಅವರಿಗಿಲ್ಲ.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುತ್ತದೆ. ಬಾವಿ ಇದ್ದವರಿಗೂ ಈಗ ನೆಮ್ಮದಿ ಇಲ್ಲ. ಉಡುಪಿಯ ಇಂದ್ರಾಣಿ ಹೊಳೆಯಲ್ಲಿ ನಗರದ ಕೊಳಚೆ ಹರಿದು, ಕೊಡವೂರು, ಕಲ್ಮಾಡಿ ಕಡೆ ಹೊಳೆ ಪಕ್ಕದ ಬಾವಿಗಳು ಕೆಟ್ಟಿವೆ. ನಮ್ಮದು ತೂತು ತೂತಾದ ಮುರಕಲ್ಲಿನ ನೆಲ, ಮೇಲಿನ ಹೊಲಸು ಕೆಳಗೆ ಇಳಿಯಲು ತಡವಿಲ್ಲ. ಮುಂಬೈಯಲ್ಲಿ ನಳ್ಳಿ ನೀರು ಗಬ್ಬು ನಾತ ಹೊಡೆದರೆ ಪೈಪು ಪಾಲಿಕೆಯದ್ದು, ವಾರ್ಡ್ ಆಫೀಸಿಗೆ ಹೋಗಿ ಜಗಳ ಮಾಡಬಹುದು. ಊರಲ್ಲಿ ಬಾವಿ ಕೆಟ್ಟರೆ? ಬಾವಿ ನಿಮ್ಮದು, ಹಾಗಾಗಿ ನಷ್ಟವೂ ನಿಮ್ಮದು ಅನ್ನುವ ಹಾಗೆ ಎಲ್ಲರೂ ಸುಮ್ನೆ ಇದ್ದುಬಿಡುತ್ತಾರೆ. ಬ್ಲೀಚಿಂಗ್ ಪೌಡರ್ ಹಾಕಿ, ಆಗದಿದ್ದರೆ ಕ್ಯಾನ್ ನೀರು ತರಿಸುತ್ತಾರೆ. ಆದರೆ 1974ರ ಜಲ ಮಾಲಿನ್ಯ ತಡೆ ಕಾಯ್ದೆಯ 24ನೇ ಸೆಕ್ಷನ್ ಹೊಳೆಯ ಜೊತೆ ಬಾವಿಯನ್ನೂ ಹೆಸರಿಸುತ್ತದೆ. ಗೊತ್ತಿದ್ದೂ ಅದಕ್ಕೆ ಹೊಲಸು ಬಿಡುವ ಹಾಗಿಲ್ಲ. ಐವತ್ತು ವರ್ಷ ಹಳೆಯ ಕಾನೂನು, ಬಾವಿಗಳೇ ತುಂಬಿರುವ ನಮ್ಮ ಜಿಲ್ಲೆಯಲ್ಲಿ ಅದರ ಮಾತೇ ಬರುವುದಿಲ್ಲ.

ಹೊರಗೆ ಕೂತು ಉಪದೇಶ ಮಾಡುತ್ತಾನೆ ಅನ್ನುತ್ತೀರೇನೋ, ಪರವಾಗಿಲ್ಲ. ಕೊಳಚೆಯಿಂದ ಕೆಟ್ಟ ಪ್ರತಿ ಬಾವಿಯ ಮನೆಗೆ, ಬಾವಿ ಮತ್ತೆ ಸರಿಯಾಗುವ ತನಕ ನಳ್ಳಿ ನೀರು ಬಿಲ್ಲಿಲ್ಲದೆ ಬರಬೇಕು. ಡೋರ್ ನಂಬರ್ ಇಲ್ಲದ ಶೆಡ್ಡುಗಳ ಹತ್ತಿರ ಸಾರ್ವಜನಿಕ ನಳ್ಳಿ ಹಾಕಬೇಕು, ಆಧಾರ್‌ನಲ್ಲಿ ಯಾವ ಊರಿದೆ ಅಂತ ನೋಡದೆ. ವಾರ್ಡಿನ ಜನ ಇದನ್ನು ನಗರಸಭೆಗೆ ಬರೆದು ಕೊಟ್ಟು, ಸ್ವೀಕರಿಸಿದ್ದಕ್ಕೆ ಸೀಲು ಹಾಕಿಸಿಕೊಳ್ಳಲಿ. ಮುಂದೆ ಕೋರ್ಟಿಗೆ ಹೋಗಬೇಕಾದರೆ ಆ ಸೀಲು ಬೇಕಾಗುತ್ತದೆ.