ಕಲಿತರಾ ಅಂದರೆ, ಇಷ್ಟಪಟ್ಟರು ಅಂತಾರೆ

ಇನ್ನೊಂದು ಪ್ರಬಂಧ ಓದಿ ತಲೆ ಬಿಸಿಯಾಗಿದೆ. ಎಂಜಿನಿಯರಿಂಗ್ ತರಗತಿಗೆ ಹೊಸ ಬೋಧನಾ ಕ್ರಮವಂತೆ. ಮೊದಲ ಪುಟದಲ್ಲಿ ಕಲಿಕೆಯನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿದ ಬ್ಲೂಮ್ ಸಾಹೇಬರ ಪಿರಮಿಡ್ಡು (ಅದಿಲ್ಲದಿದ್ದರೆ ‘ಕಲಿಕೆ’ ಅನ್ನುವ ಪದ ಬಳಸಲು ಲೈಸೆನ್ಸ್ ಸಿಗುವುದಿಲ್ಲವೇನೋ), ಕೊನೆಯ ಪುಟದಲ್ಲಿ ‘ಕಲಿಕೆ ಗಣನೀಯವಾಗಿ ಸುಧಾರಿಸಿದೆ’. ಆಧಾರ ಏನು ಸ್ವಾಮಿ? ಕೊನೆಯ ದಿನ ಹಂಚಿದ ಫೀಡ್‌ಬ್ಯಾಕ್ ಫಾರ್ಮು. ‘ವಿಷಯ ಚೆನ್ನಾಗಿ ಅರ್ಥವಾಯಿತು’: ಒಪ್ಪುತ್ತೇನೆ, ಬಲವಾಗಿ ಒಪ್ಪುತ್ತೇನೆ. ಮುಗಿಯಿತು ಸಂಶೋಧನೆ.

ಅರ್ಥವಾಯಿತು ಅನ್ನಿಸುವುದು ಬೇರೆ, ಅರ್ಥವಾಗುವುದು ಬೇರೆ. ಇದು ನನ್ನ ಕೊಂಕಲ್ಲ, ಅಳೆದು ನೋಡಿದ್ದು. 2019ರಲ್ಲಿ ಡೆಲೋರಿಯೆ ಮತ್ತು ಸಂಗಡಿಗರು ಹಾರ್ವರ್ಡಿನ ಭೌತಶಾಸ್ತ್ರ ತರಗತಿಗಳಲ್ಲಿ ಒಂದೇ ಪಾಠವನ್ನು ಎರಡು ರೀತಿ ಮಾಡಿಸಿದರು. ಒಂದು ಗುಂಪಿಗೆ ನುರಿತ ಮೇಷ್ಟ್ರ ನಿರರ್ಗಳ ಉಪನ್ಯಾಸ, ಇನ್ನೊಂದು ಗುಂಪಿಗೆ ಲೆಕ್ಕದ ಜೊತೆ ಗುದ್ದಾಟ. ಮುಂದಿನ ಪಾಠಕ್ಕೆ ಗುಂಪುಗಳು ಅದಲುಬದಲು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದಿದ್ದು ಗುದ್ದಾಡಿದವರಿಗೆ. ‘ನಾನು ಹೆಚ್ಚು ಕಲಿತೆ’ ಅಂದುಕೊಂಡಿದ್ದು ಕೂತು ಕೇಳಿದವರು! ಪಾಠ ಸಲೀಸಾಗಿ ಹರಿದರೆ ತಲೆಗೆ ಹೋಯಿತು ಅನ್ನಿಸುತ್ತದೆ. ತಡವರಿಸಿದರೆ ದಡ್ಡತನ ಅನ್ನಿಸುತ್ತದೆ, ನಿಜವಾದ ಕೆಲಸ ನಡೆಯುವುದೇ ಆ ತಡವರಿಕೆಯಲ್ಲಿ. ಅಂದರೆ ಈ ಫಾರ್ಮು ಒಳ್ಳೆಯ ಕ್ರಮವನ್ನು ಕೊಂದು, ಮಾತುಗಾರಿಕೆಗೆ ಹಾರ ಹಾಕಬಲ್ಲದು. ಒಪ್ಪಿಕೊಳ್ಳುತ್ತೇನೆ, ನನಗೂ ಕೂತು ಕೇಳುವ ಪಾಠವೇ ಇಷ್ಟ. ಅದಕ್ಕೇ ನನ್ನನ್ನು ಕೇಳಬೇಡಿ, ಪರೀಕ್ಷೆ ಕೊಡಿ.

ಅಳೆಯುವುದು ಅಂಥ ಬ್ರಹ್ಮವಿದ್ಯೆಯೂ ಅಲ್ಲ. ಪಾಠ ಶುರುವಾಗುವ ಮೊದಲು 20–30 ಪರಿಕಲ್ಪನೆಯ ಪ್ರಶ್ನೆ ಕೊಡಿ, ಉತ್ತರ ಬಿಡಿಸಿ ಹೇಳಬೇಡಿ, ಪ್ರಶ್ನೆಪತ್ರಿಕೆ ವಾಪಸ್ ತೆಗೆದುಕೊಳ್ಳಿ. ಕೊನೆಯ ವಾರ ಅದನ್ನೇ ಮತ್ತೆ ಕೊಡಿ. ಹೆಚ್ಚಿದ ಅಂಕವನ್ನು, ಹೆಚ್ಚಲು ಸಾಧ್ಯವಿದ್ದ ಅಂಕದಿಂದ ಭಾಗಿಸಿ. ಸರಾಸರಿ ಅಂಕ ನೂರಕ್ಕೆ 40ರಿಂದ 58ಕ್ಕೆ ಏರಿದ ತರಗತಿಯ ಗಳಿಕೆ 18/60, ಅಂದರೆ 0.30. 70ರಿಂದ 82ಕ್ಕೆ ಏರಿದ್ದು 12/30, ಅಂದರೆ 0.40. ಬರೀ ವ್ಯತ್ಯಾಸ ನೋಡಿದ್ದರೆ ಮೊದಲನೆಯದೇ ಗೆದ್ದಂತೆ ಕಾಣುತ್ತಿತ್ತು. 1998ರಲ್ಲಿ ಅಮೆರಿಕದ ಭೌತಶಾಸ್ತ್ರಜ್ಞ ಹೇಕ್ ಇದೇ ಲೆಕ್ಕದಲ್ಲಿ ಭೌತಶಾಸ್ತ್ರದ 62 ಮೆಕ್ಯಾನಿಕ್ಸ್ (ಬಲ, ಚಲನೆಯ ಪಾಠ) ಕೋರ್ಸುಗಳ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಅಳೆದರು. ಸಾಂಪ್ರದಾಯಿಕ ಪಾಠಕ್ಕೆ ಸರಾಸರಿ 0.23, ವಿದ್ಯಾರ್ಥಿಗಳನ್ನು ತೊಡಗಿಸಿದ ಪಾಠಕ್ಕೆ 0.48. ಯಾರಿಗೂ ‘ಖುಷಿಯಾಯಿತಾ’ ಅಂತ ಕೇಳಿ ಬಂದ ಅಂಕಿ ಅಲ್ಲ ಇದು.

ಎಡವುವುದು ಎಲ್ಲಿ ಅಂದರೆ, ಮೊದಲ ಪರೀಕ್ಷೆಗೆ 60 ಜನ, ಕೊನೆಯದಕ್ಕೆ 45. ಬಿಟ್ಟುಹೋದವರಲ್ಲಿ ಹೆಚ್ಚಿನವರು ಕಡಿಮೆ ಅಂಕದವರಾಗಿದ್ದರೆ ಯಾರೂ ಏನೂ ಕಲಿಯದೆಯೂ ಸರಾಸರಿ ಏರುತ್ತದೆ. ಎರಡೂ ಬರೆದ 45 ಜನರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಗಳಿಕೆಯನ್ನು ಒಬ್ಬೊಬ್ಬರಿಗೇ ಹಾಕಿ ಸರಾಸರಿ ತೆಗೆಯುವವರೂ ಹುಷಾರಾಗಿರಬೇಕು: 95 ಇದ್ದವನು 90ಕ್ಕೆ ಜಾರಿದರೆ ಅವನದು ಮೈನಸ್ 1, ಇಡೀ ತರಗತಿಯನ್ನು ಎಳೆದುಹಾಕುತ್ತಾನೆ. 100 ಇದ್ದವನಿಗಂತೂ ಸೊನ್ನೆಯಿಂದ ಭಾಗಾಕಾರ.

ಪ್ರಶ್ನೆಗಳನ್ನೂ ಜರಡಿ ಹಿಡಿಯಬೇಕು. ತಪ್ಪು ಆಯ್ಕೆಗಳನ್ನು ತೋಚಿದಂತೆ ಗೀಚಬಾರದು, ವಿದ್ಯಾರ್ಥಿಗಳು ಬರೆದ ತಪ್ಪು ಉತ್ತರಗಳಿಂದಲೇ ಎತ್ತಬೇಕು. ಮೇಲಕ್ಕೆಸೆದ ಚೆಂಡಿನ ಮೇಲೆ ಕೈಬಿಟ್ಟ ಮೇಲೂ ಮೇಲ್ಮುಖ ಬಲ ಇದೆ ಅನ್ನುವ ನಂಬಿಕೆ ಅಂಥದ್ದು. ಆಮೇಲೆ 100 ಜನರಲ್ಲಿ ಒಟ್ಟು ಅಂಕದ ಮೇಲಿನ 27, ಕೆಳಗಿನ 27 ಜನರನ್ನು ತೆಗೆದುಕೊಳ್ಳಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 20, ಕೆಳಗಿನವರಲ್ಲಿ 9 ಜನ ಸರಿ ಬರೆದಿದ್ದರೆ ವ್ಯತ್ಯಾಸ 11/27, ಸುಮಾರು 0.41. ಬಲ್ಲವರನ್ನೂ ಬಾರದವರನ್ನೂ ಬೇರ್ಪಡಿಸುವ ಗಟ್ಟಿ ಪ್ರಶ್ನೆ. 0.2ಕ್ಕಿಂತ ಕಡಿಮೆಯಿದ್ದರೆ ಮತ್ತೆ ಓದಿ. ಮೈನಸ್ ಬಂದರೆ ಮೊದಲು ನಿಮ್ಮ ಉತ್ತರಸೂಚಿ ತೆಗೆದು ನೋಡಿ.

‘ವಿನ್ಯಾಸದ ಕೌಶಲವನ್ನು ಆಯ್ಕೆ ಪ್ರಶ್ನೆಯಲ್ಲಿ ಅಳೆಯೋಕಾಗಲ್ಲ’ ಅಂತಾರೆ. ನಿಜ, ಆಗಲ್ಲ. ಹಾಗಂತ ಫಾರ್ಮು ಹಂಚಬೇಕೆ? ರುಬ್ರಿಕ್ (ಯಾವುದಕ್ಕೆ ಎಷ್ಟು ಅಂಕ ಅನ್ನುವ ಮಾನದಂಡದ ಪಟ್ಟಿ) ಮಾಡಿ, ಒಂದೇ 20 ವರದಿಗಳನ್ನು ಇಬ್ಬರಿಗೆ ಬೇರೆಬೇರೆಯಾಗಿ ಕೊಡಿ. ‘80% ಹೊಂದಾಣಿಕೆ ಬಂತು’ ಅಂತ ಅಲ್ಲೂ ಕುಣಿಯಬೇಡಿ. ಇಬ್ಬರೂ ತಲಾ 18ಕ್ಕೆ ಪಾಸು ಕೊಟ್ಟು 2ನ್ನು ಫೇಲು ಮಾಡಿದ್ದರೆ, ಕಣ್ಣುಮುಚ್ಚಿ ಹಾಕಿದರೂ 82% ಹೊಂದುತ್ತಿತ್ತು. ಹೀಗೆ ಆಕಸ್ಮಿಕವಾಗಿ ಹೊಂದುವುದನ್ನು ಕಳೆದು ನೋಡುವ ಕೋಹೆನ್‌ರ ಕಪ್ಪಾ ಲೆಕ್ಕದಲ್ಲಿ ಆ 80% ಅಂದರೆ ಮೈನಸ್ 0.11. ಫೇಲಾದ ಆ ಎರಡು ವರದಿಗಳು ಇಬ್ಬರ ಪಟ್ಟಿಯಲ್ಲೂ ಬೇರೆಬೇರೆ!

ಫಾರ್ಮು ಬೇಡವೇ ಬೇಡ ಅಂತಲ್ಲ. ಮೇಷ್ಟ್ರ ದನಿ ಹಿಂದಿನ ಬೆಂಚಿಗೆ ಕೇಳಿಸಿತಾ, ಅಸೈನ್‌ಮೆಂಟಿಗೆ ಎಷ್ಟು ಗಂಟೆ ಹಿಡಿಯಿತು, ಇಂಥದ್ದಕ್ಕೆಲ್ಲ ವಿದ್ಯಾರ್ಥಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಎಷ್ಟು ಕಲಿತೆ ಅನ್ನುವುದಕ್ಕೆ ಮಾತ್ರ ಅವನ ಸಾಕ್ಷಿ ನಡೆಯುವುದಿಲ್ಲ.

ಆ ಪ್ರಬಂಧವನ್ನು ಮತ್ತೆ ತಿರುವಿ ಹಾಕಿದೆ, ಎಲ್ಲಾದರೂ ಮೊದಲ ವಾರದ ಅಂಕ ಸಿಗಬಹುದೇನೋ ಅಂತ. ಇಲ್ಲ. ಪೈ ಚಾರ್ಟುಗಳು ಮೂರಿವೆ, ಬಣ್ಣ ಚೆನ್ನಾಗಿದೆ.